ಹಾರ್ಲಿಂಗನ್, ಏಪ್ರಿಲ್, ಏಳು ಡಿಗ್ರಿ

ಬಂದರಿನ ಹಿಂದಣ ಲಿಂಡನ್ ಸಾಲು.
ವೀಟ್‌ಸ್ಕೆ ಮೊಣಕಾಲೂರಿ
ಗುಲಗಂಜಿ ಹುಳ ಎಣಿಸುತ್ತಾಳೆ:
ಕೆಂಪು ಹದಿನೇಳು, ಕಪ್ಪು ಆರು.

ಬಿಸಿಲು ಇನ್ನೂ ತೆಳು ಗಂಜಿ.
ಕರಿಯನ ಬೆನ್ನಿಗೆ ಅಷ್ಟೇ ಸಾಕು,
ಕಾದು, ಕಾಲು ಬಿಡಿಸಿ, ಹೊರಟೇಬಿಟ್ಟ.
ಒಂಬತ್ತೂವರೆಗೆ ಕೂಡಿಯೂ ಆಯಿತು.
ಕೆಂಪಣ್ಣಂದಿರು ಎಲೆಯಡಿ
ಇನ್ನೂ ಮುದುರಿಕೊಂಡೇ.

ಗುಲಗಂಜಿಗೆ ತನ್ನ ಕಪ್ಪು ಕಾಣದಂತೆ.
ಬಿಸಿಲಿಗೆ ಕಂಡರೆ ಸಾಕಲ್ಲ.

ನಿನ್ನೆ ಒಬ್ಬ ಕೆಂಪನಿಗೆ
ಮಗಳ ಕಪ್ಪು ಉಗುರುಬಣ್ಣ ಬಳಿದಿದ್ದಳು.
ಬೇಗ ಬೆಚ್ಚಗಾದ, ಓಡಿದ,
ಹೆಣ್ಣಿನ ಮುಂದೆ ಹೋಗಿ ನಿಂತ.
ಅದು ಒಮ್ಮೆ ಮೀಸೆ ತಾಗಿಸಿ
ಹೇನು ತಿನ್ನಲು ತಿರುಗಿತು.

ಮಧ್ಯಾಹ್ನಕ್ಕೆ ಎಲ್ಲರೂ ಬೆಚ್ಚಗೆ,
ಯಾರು ಮೊದಲೆಂಬುದೇ ಇಲ್ಲ.
ವೀಟ್‌ಸ್ಕೆಯೂ ಕೋಟು ಬಿಚ್ಚಿದಳು, ಕರಿ ಕೋಟು.
ಪಟ್ಟಿಯಲ್ಲಿ
ಆ ಹೆಣ್ಣಿನ ಸಾಲು ಮಾತ್ರ
ಇನ್ನೂ ಖಾಲಿ.