ಹನ್ನೊಂದನೇ ಗೂಡು

ಗೋಣಿಕೊಪ್ಪದ ಸಂತೆಮಾಳದ ಹಿಂದೆ,
ಒಂದು ಕಾಲಕ್ಕೆ ಗೊಬ್ಬರದ ಗೋದಾಮಾಗಿದ್ದ ಈ ಶೆಡ್ಡಿನಲ್ಲಿ
ಇನ್ನೂ ಯೂರಿಯಾ ವಾಸನೆ.
ಹದಿನಾಲ್ಕು ಗೂಡು. ಹನ್ನೊಂದರಲ್ಲಿ ಬೂದಿ.

ಬೂದಿ ಅಂತ ಹೆಸರಿಟ್ಟದ್ದು ನಾನೇ.
ಮೈಯೆಲ್ಲ ಒಲೆಬೂದಿ, ಮೂತಿಯ ಎಡಕ್ಕೆ ಮಾತ್ರ ಬಿಳಿ,
ಹಾಲಿಗೆ ಬಾಯಿ ಹಾಕಿ
ಅರ್ಧಕ್ಕೇ ಮನಸ್ಸು ಬದಲಾಯಿಸಿದ ಹಾಗೆ.
ಕಕ್ಕಡದ ಒಂದು ಬೆಳಗ್ಗೆ ಯಾರೋ
ಟೊಮೇಟೊ ಕ್ರೇಟಿನಲ್ಲಿಟ್ಟು ಬಾಗಿಲಲ್ಲಿ ಬಿಟ್ಟು ಹೋಗಿದ್ದರು,
ಮೇಲೊಂದು ಇಸ್ತ್ರಿ ಮಾಡಿದ ಟವೆಲು ಹೊದಿಸಿ.
ಆ ಇಸ್ತ್ರಿ ನನಗಿನ್ನೂ ಅರ್ಥವಾಗಿಲ್ಲ.

ರಿಜಿಸ್ಟರಿನಲ್ಲಿ ‘ಸ್ವಭಾವ’ ಅಂತ ಒಂದು ಕಾಲಂ.
‘ನಾಚಿಕೆ’ ಎಂದು ಬರೆದೆ.
ಡಾಕ್ಟರ್ ದೇಚಮ್ಮ ಕನ್ನಡಕ ಏರಿಸಿ ನೋಡಿ,
ಹಾಗೆ ಬರೆದರೆ ಯಾರು ಒಯ್ತಾರೆ, ‘ಶಾಂತ’ ಅಂತ ಮಾಡು, ಅಂದರು.
ಮಾಡಿದೆ. ಹೊಡೆದುಹಾಕಿದ ನಾಚಿಕೆ
ಗೀಟಿನ ಅಡಿಯಿಂದ ಇನ್ನೂ ಇಣುಕುತ್ತದೆ.

ಭಾನುವಾರ ಜನ ಬರುತ್ತಾರೆ.
ಪೂಚೇ, ಅಂತ ಕರೆದರು ಪೊನ್ನಂಪೇಟೆಯ ಹಿರಿಯರೊಬ್ಬರು, ಟೋಪಿ ತೆಗೆದು.
ಪುಚ್ಚೆ, ಪುಚ್ಚೆ, ಬೇಕರಿಯ ವಾರಿಜಕ್ಕ.
ಪೂಚ್ಚೇ, ವಾ ವಾ, ಮದ್ರಸ ಬಿಟ್ಟು ಓಡಿ ಬಂದ ಸಫ್ವಾನ್.
ನಾನು ಪಿಸ್ ಪಿಸ್.
ಇಷ್ಟು ಭಾಷೆಗಳ ಊರಿನಲ್ಲಿ
ಅದು ಯಾವ ಮನೆಯ ಮಾತು ಕೇಳಿ ಬೆಳೆದದ್ದೋ.
ಕಿವಿಯೊಂದು ತಿರುಗುತ್ತದೆ, ಅಷ್ಟೆ. ಮೈ ಬರುವುದಿಲ್ಲ.
ರಟ್ಟಿನ ಪೆಟ್ಟಿಗೆಯ ಹಿಂದೆ ಎರಡು ಹಸಿರು ಕಾಸು.

ಒಂಬತ್ತರ ಮೂರುಬಣ್ಣದ ಮರಿ ಸಫ್ವಾನನ ಅಂಗಿಯೊಳಗೆ ಹೋಯಿತು.
ಏಳರ ಬಿಳಿಯದನ್ನು ಹೋಂಸ್ಟೇಯವರು ಒಯ್ದರು, ಫೋಟೋಗೆ ಚೆನ್ನಾಗಿರುತ್ತೆ ಅಂತ.
ಇದರ ಮುಂದೆ ಒಣಮೀನು ಹಿಡಿದು
ಅರ್ಧ ಗಂಟೆ ಕೂತವರೂ ಇದ್ದಾರೆ, ಮೊಣಕಾಲು ಮರಗಟ್ಟಿ ಎದ್ದರು.
ನಾನು ಬೀಗ ಹಾಕಿದ ಮೇಲೆಯೇ ಅದು ಮೀನು ತಿನ್ನುವುದು,
ಮುಳ್ಳು ಒಂದೂ ಬಿಡದೆ.

ಕಾಫಿ ಕೊಯ್ಲಿನ ಕೊನೆಯ ವಾರ
ಬೊಳಚಿ ಬಂದಳು, ನಾಯಿ ಹೊತ್ತುಕೊಂಡು.
ಹಂದಿಗೆ ಇಟ್ಟ ಉರುಳು ಕಾಲಿಗೆ ಬಿಗಿದು ಮೂಳೆಯವರೆಗೆ ಕೊಯ್ದಿತ್ತು.
ಒಳಗೆ ಡಾಕ್ಟರು ಹೊಲಿಗೆ ಹಾಕುತ್ತಿದ್ದರೆ
ಇವಳು ಹನ್ನೊಂದಕ್ಕೆ ಬೆನ್ನು ಕೊಟ್ಟು ನೆಲದಲ್ಲಿ ಕೂತಳು.
ಗೂಡಿನಲ್ಲೇನಿದೆ ಎಂದು ನೋಡಲಿಲ್ಲ. ಕೂತಲ್ಲೇ ನಿದ್ದೆ.
ಬೆರಳಿನಲ್ಲಿ ಕಾಫಿಹಣ್ಣಿನ ಕರೆ, ಸೆರಗಿನಲ್ಲೊಂದು ಒಣ ಎಲೆ,
ಬಾಯಿ ತುಸು ತೆರೆದು.

ಬೂದಿ ಬಂತು.
ಮೊದಲು ಮೀಸೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಒಂದು ಪಾದ.
ಸರಳಿನ ಸಂದಿಯಲ್ಲಿ ಅವಳ ಜಡೆ ಮೂಸಿ
ಹಣೆಯನ್ನು ಆ ಬೆನ್ನಿಗೆ ಒತ್ತಿ
ನಿಂತುಬಿಟ್ಟಿತು.
ನನ್ನ ಕೈಯ ಪೆನ್ನು ಇದ್ದಲ್ಲೇ.
ಏಳು ತಿಂಗಳು ದಿಟ್ಟಿಸಿದ್ದೆನಲ್ಲ ಇದನ್ನು,
ಪ್ರೀತಿಯಿಂದಲೇ. ಆದರೆ ನನ್ನ ಪ್ರೀತಿಗೆ ಎರಡು ಕಣ್ಣು.
ಬೆನ್ನಿಗೆ ಕಣ್ಣಿಲ್ಲ.

ಎದ್ದಾಗ ಹೇಳಿದೆ. ನಕ್ಕಳು, ನಂಬಲಿಲ್ಲ.
ಸುಮ್ಮನೆ ಫಾರಂ ತೆಗೆದೆ. ಸ್ವಂತ ಮನೆಯೋ, ಬಾಡಿಗೆಯೋ?
ಮೂರನೇ ಲೈನು, ಕೊನೇ ಬಾಗಿಲು, ಅಂದಳು. ರೈಟರನ್ನು ಕೇಳಬೇಕು.
ಇಲಿ ಉಂಟು ಬೇಕಾದಷ್ಟು, ಅಂತಲೂ ಅಂದಳು
ಹೊಸಿಲಲ್ಲಿ ನಿಂತು, ಗೂಡಿನ ಕಡೆ ನೋಡದೆ.
ಸಂತೆಯ ಜೀಪು ಹಾರನ್ ಹೊಡೆಯಿತು.

ಆ ಕಾಲಂ ಖಾಲಿ ಬಿಟ್ಟಿದ್ದೇನೆ.
ಈಗ ದಿನಾ ಸಂಜೆ ಗೋಣಿಚೀಲ ಹಾಸಿ
ಹನ್ನೊಂದಕ್ಕೆ ಬೆನ್ನು ಹಾಕಿ ಕೂತು
ಅಕ್ಕಿ ಮೀನಿನ ಲೆಕ್ಕ ಬರೆಯುತ್ತೇನೆ.
ನಿದ್ದೆಯ ನಟನೆ ನನಗೆ ಬರುವುದಿಲ್ಲ, ಅದಕ್ಕೂ ಗೊತ್ತು.
ನಿನ್ನೆ ಕುತ್ತಿಗೆಯ ಬಳಿ ಬೆಚ್ಚಗೆ ಏನೋ ಸುಳಿದ ಹಾಗಾಯಿತು.
ಗಾಳಿಯೂ ಇದ್ದೀತು.

ಡ್ರೆಸ್ಸಿಂಗ್ ಬದಲಿಸಲು ಭಾನುವಾರ ಬರಬೇಕು ಬೊಳಚಿ.
ಆ ನಾಯಿಯ ಗಾಯ ತುಸು ನಿಧಾನ ಮಾಯಲಿ ಅಂತ,
ದೇವರೇ, ಎಂಥ ಮಾತು,
ಒಂದು ಕ್ಷಣ ಅಂದುಕೊಂಡೆ.