ಮಸ್ಟರಿನಾಗ ಮೂವರು

ಪೆನ್ಸಿಲ್‌ಲೇ ಬರಿ, ಅಂದ್ಲು ಚಿಖಲಿ ದವಾಖಾನಿ ನರ್ಸ್.
ಕೆಳಗ ನಿನ್ನ ಹೆಸರು, ಮ್ಯಾಲ ಅವ್ವ ಅಪ್ಪ,
ಅದರ ಮ್ಯಾಲ ಅವರವ್ವ, ಅವರಪ್ಪ.
ಯಾರಿಗೆ ಸಕ್ಕರಿ, ಯಾರಿಗೆ ಎದಿಬ್ಯಾನಿ,
ಯಾರು ಯಾತರಿಂದ ಹ್ವಾದ್ರು, ಬಾಜೂಕ ಸಣ್ಣಗ.
ಸೋಮವಾರ ಬರೂ ಮುಂದ ತಗೊಂಡು ಬಾ.

ಏಳು ತಿಂಗಳ ಹೊಟ್ಟಿ ಹೊತ್ತು
ಮಾಂಗೋರ ಗುಡ್ಡದ ಮೆಟ್ಟಲ ಏರಿ
ಹಳೇ ಕ್ಯಾಲೆಂಡರಿನ ಜೂನ್ ಹರದು ಬೋರಲ ಹಾಕಿದೆ.
ಕೆಳಗ ನಾನು, ನೀಲವ್ವ.
ಮ್ಯಾಲ ಅವ್ವ. ಬಂದರದಾಗ ಹುಟ್ಟಿದ್ದಕ್ಕ ಬಂದ್ರವ್ವ;
ಸಾಲಿ ಮಾಸ್ತರ ತಪ್ಪಂತ ತಿಳದು ತಿದ್ದಿ
ಭದ್ರವ್ವ ಮಾಡಿದ. ಎರಡೂ ಬರದೆ.

ಅಪ್ಪನ ಕಡಿ ಸಲೀಸು.
ಸುಗ್ಗಿ ಮುಗದ ಮ್ಯಾಲ ಹೆಳವ ಬರ್ತಾನ ಅವರೂರಿಗೆ,
ಎತ್ತಿನ ಮ್ಯಾಲ ಕುಂತು ಏಳು ತಲಿ ಒದರ್ತಾನ,
ಮರದಾಗ ಜ್ವಾಳ ಹಾಕಿಸಿಕೊಂಡು ಹೋಗ್ತಾನ.
ಅವ್ವನ ಕಡಿಗೆ ಹೆಳವ ಇಲ್ಲ.
ಘಟ್ಟ ಇಳದು ವಾಸ್ಕೋಕ್ಕ ಬರೂದಿಲ್ಲ ಅವನ ಎತ್ತು,
ಬಂದ್ರೂ ಹೆಣಮಕ್ಕಳ ಹೆಸರಿಗೆ ನಿಲ್ಲೂದಿಲ್ಲ.

ಆಯಿ ಒಣ ಸಿಗಡಿ ತಲಿ ಮುರಕೋಂತ ಕುಂತಿದ್ಲು.

ಊರಿಗೊಬ್ಬಾಕಿ ದ್ಯಾಮವ್ವ ಇರ್ತಾಳ ಬೇ,
ನಮ್ಮ ಗ್ಯಾಂಗಿನಾಗ ಮೂವರಿದ್ವಿ.
ಮುಕಾದಮಗ ತಲಿ ತಿರುಗಿ ಒಂದು, ಎರಡು, ಮೂರು ಅಂದ.
ಹೆಸರಿಗಿಂತ ಮೊದಲ ನಂಬರಿಗೆ ಓ ಅಂತಿದ್ವಿ.
ನಂದು ಮೂರು.
ಒಬ್ಬಾಕಿಗೆ ಜ್ವರ ಬಂದ್ರ, ದಿನಾ ತುಂಬಿದ್ರ,
ಆಕಿ ಬಿಲ್ಲೆ ಇನ್ನೊಬ್ಬಾಕಿ ಕೊಳ್ಳಾಗ.
ಎರಡು ಆಳಿನ ಅದಿರು ಒಂದು ತಲಿ ಮ್ಯಾಲ.
ಗುಡ್ಡಕ್ಕ ಗುಡ್ಡನ ಹಡಗಿನಾಗ ಹೋತು,
ನಮ್ಮ ಪಗಾರ ಒಂದಿನಾನೂ ಕಡೀಲಿಲ್ಲ.

ನನ್ನ ಕೈಯಾಗ ಅವ್ವನ ಹುಟ್ಟಿದ ದಾಖಲೆ.
ಕೂಸು: ಹೆಣ್ಣು. ತಾಯಿ: ದ್ಯಾಮವ್ವ.
ತಂದಿ ಅನ್ನೂದರ ಮುಂದ ಒಂದು ಗೀಟು,
ಸ್ಕೇಲ್ ಇಟ್ಟು ಎಳದಾರ, ಅಷ್ಟು ನೆಟ್ಟಗ.

ಯಾವ ದ್ಯಾಮವ್ವ, ಆಯಿ?

ಲಟಕ್ಕಂತ ಒಂದು ಸಿಗಡಿ. ಇನ್ನೊಂದು.
ಒಂದನೇದಾಕಿ ಹೊಕ್ಕಳ ಕೊಯ್ದ್ಲು, ಅಕ್ಕಿ ಗಂಜಿ ಕಾಸಿದ್ಲು.
ಎರಡನೇದಾಕಿ ಹಾಲು ಕುಡಿಸಿದ್ಲು.
ನೀನು?
ನಾ ಹೊತ್ತೀನಿ.

ಹೊಟ್ಟ್ಯಾಗೋ, ಬಗಲಾಗೋ?
ಬುಟ್ಟಿಗೂ ಅದ ಮಾತು, ಬಸರಿಗೂ ಅದ ಮಾತು.
ಆಯಿ ಬಿಡಿಸಿ ಹೇಳಲಿಲ್ಲ.

ಎರಡನೇದಾಕಿ ಎಲ್ಲಿ ಹ್ವಾದ್ಲು?
ಮಳಗಾಲಕ್ಕ ಊರಿಗೆ ಹೋಗಿ ಬರ್ತೀನಿ ಅಂದ್ಲು, ಬಿಲ್ಲೆ ಕೊಟ್ಟು.
ಲೋಂಡಾ ಗಾಡಿ ಇವತ್ತಿಗೂ ಬರ್ತೈತಿ ನೋಡು,
ತಪ್ಪಲಾರದ.

ಸಕ್ಕರಿ ಆಯಿಗೈತಿ, ಅವ್ವಗ ಇರಲಿಲ್ಲ.
ಅವ್ವ ಎದಿ ಹಿಡಕೊಂಡು ಹ್ವಾದ್ಲು, ಚಪಾತಿ ಹಂಚಿನ ಮ್ಯಾಲಿತ್ತು.
ಎರಡನೇದಾಕಿಗೆ ಎದಿಬ್ಯಾನಿ ಇತ್ತೇನ?
ಇಪ್ಪತ್ತರ ವಯಸ್ಸಿನಾಗ
ಎಲ್ಲಾರ ಎದೀನೂ ಗಟ್ಟಿ ಇರ್ತದ, ಹುಚ್ಚಿ.

ಒಂದು ಮನಿ ಬರದೆ, ಅಳಸಿದೆ. ಎರಡು ಬರದೆ.
ರಬ್ಬರ್ ತಿಕ್ಕಿ ತಿಕ್ಕಿ ಕಾಗದ ತೂತಾಗಿ
ಆ ಕಡಿ ಜೂನ್ ತಿಂಗಳ ಕೆಂಪು ಐತವಾರ ಕಂಡಿತು.
ಕಡೀಕ ತೂತು ಬಿಟ್ಟು ಬಾಜೂಕ ಮೂರು ಮನಿ ಹಾಕಿದೆ,
ಮೂರರಾಗೂ ಒಂದ ಹೆಸರು,
ಮೂರರಿಂದಲೂ ಅವ್ವನ ತನಕ ಒಂದೊಂದು ಗೀಟು.
ಗಿಡದಂಗ ಕಾಣಲಿಲ್ಲ. ಒಲಿಯ ಮೂರು ಗುಂಡಿನ ಮ್ಯಾಲ
ಗಡಿಗಿ ಇಟ್ಟಂಗ ಕಾಣ್ತಿತ್ತು.

ಸೆರಗಿಗೆ ಕೈ ಒರಸಿಕೊಂಡು ಆಯಿ ಬಗ್ಗಿದ್ಲು.
ಓದಾಕ ಬರೂದಿಲ್ಲ ಆಕಿಗೆ, ನಂಬರು ನಾ ಹಾಕಿರಲಿಲ್ಲ.
ಇದರಾಗ ನಾ ಎಲ್ಲಿದೀನಿ?
ನಾ ತೋರಸೂಕಿಂತ ಮೊದಲ
ತಾನ ನಡಕಿನ ಮನಿ ಮ್ಯಾಲ ಬಟ್ಟ ಇಟ್ಲು.
ಇದ ಹೌದಲ್ಲ?

ನಾ ಹೂಂ ಅಂದೆ.
ಬಟ್ಟ ಎತ್ತಿದ ಮ್ಯಾಲ ಅಲ್ಲಿ ಸಿಗಡಿ ನಾತ, ಒಂದು ಎಣ್ಣಿ ಕಲಿ.
ಸೋಮವಾರಕ್ಕ ಇನ್ನೂ ಮೂರು ದಿನ ಐತಿ.