ಬೀಗದ ಕೈ

ಸಲ್ಮಾಬಾದಿನ ಗ್ಯಾರೇಜು ಗಲ್ಲಿಯಲ್ಲಿ
ಬೆಳಗ್ಗೆ ಏಳಕ್ಕೇ ಸ್ಪ್ಯಾನರು ಕೈ ಸುಡುತ್ತದೆ.
ಕಾರಿನ ಹೊಸ್ತಿಲಿಗೆ ಒದ್ದೆ ಗೋಣಿ ಹಾಕಿ
ಸ್ಟಿಯರಿಂಗಿನ ಕೆಳಗೆ ಅಂಗಾತ ತೂರಿಕೊಳ್ಳುತ್ತೇನೆ,
ಕಾಲು ಬಹರೇನಿನಲ್ಲಿ, ತಲೆ ಕತ್ತಲಲ್ಲಿ,
ಬಾಯಲ್ಲಿ ಟಾರ್ಚು.

ರುಹುಲ್ ಹೊಸಬ. ಕೇಳುತ್ತಾನೆ:
ಕೆಂಪು ಅಂದರೆ ಕರೆಂಟು ಅಲ್ವಾ ಉಸ್ತಾದ್?
ಅಲ್ಲ ಮಾರಾಯ. ಬಣ್ಣ ಯಾರು ಬೇಕಾದರೂ ಬಳಿಯಬಹುದು,
ಟೆಸ್ಟರು ಮುಟ್ಟಿಸಿ ನೋಡು.
ಕೀ ಹಾಕದೆಯೂ ಉರಿದರೆ ಬ್ಯಾಟರಿಯದ್ದು.
ತಿರುಗಿಸಿದಾಗ ಹೊತ್ತಿ, ಎಂಜಿನ್ ಕೆಮ್ಮುವಾಗಲೂ ಆರದಿದ್ದರೆ
ಇಗ್ನಿಷನ್ನು. ಕೆಮ್ಮುವಾಗ ಮಾತ್ರ ಹೊತ್ತುವುದು ಸ್ಟಾರ್ಟರು.
ಆ ಹೊತ್ತಿಗೆ ಸರಿಯಾಗಿ ಮಾಯವಾಗಿ
ಎಲ್ಲ ಸರಿಹೋದ ಮೇಲೆ ಮರಳಿ ಬರುವುದು
ರೇಡಿಯೊ, ಫ್ಯಾನು. ನೆಂಟರು.

ಹಳದಿ ಕೊಳವೆಯೊಂದಿದೆ, ಏರ್‌ಬ್ಯಾಗಿನದು.
ಅದಕ್ಕೆ ಮಾತ್ರ ಬಣ್ಣ ನೋಡಿಯೇ ಹೆದರು.

ನಾನು ಕಲಿತದ್ದು ಗಂಗೊಳ್ಳಿಯ ಬೋಟುಗಳಲ್ಲಿ,
ಉಪ್ಪು ತಿಂದ ತಂತಿಗೆ ಗ್ರೀಸು ಸವರುತ್ತ.
ಇಲ್ಲಿಯೂ ಉಪ್ಪೇ, ಯಾವ ದಿಕ್ಕಿನ ಗಾಳಿಯಾದರೂ.
ಅದಕ್ಕೇ ಅರ್ಥ್ ಕೊಡುವ ಜಾಗವನ್ನು
ತಗಡು ಹೊಳೆಯುವ ತನಕ ಕೆರೆದು ಬೋಲ್ಟು ಬಿಗಿಯುತ್ತೇನೆ.
ನೆಲ ಸಿಗದ ಅಲಾರಮ್ಮು
ನಡುರಾತ್ರಿ ಸುಮ್ಮಸುಮ್ಮನೆ ಕೂಗುತ್ತದೆ,
ಬೀದಿಯವರೆಲ್ಲ ಕಳ್ಳನನ್ನಲ್ಲ, ನನ್ನನ್ನು ಬೈಯುತ್ತಾರೆ.

ಇವತ್ತಿನದು ಬದ್ರಿಯಾ ಟೀಚರ ಹಳೆ ಕರೊಲ್ಲಾ.
ಬೇಡಿಕೆ ಸಣ್ಣದು: ಶಾಲೆ ಬಿಡುವ ಮೊದಲು
ಸ್ಟಾಫ್ ರೂಮಿನ ಕಿಟಕಿಯಿಂದ ಒತ್ತಿದರೆ
ಎಂಜಿನ್ ಎದ್ದು, ಎಸಿ ಹತ್ತಿ,
ಸೀಟು ಕೂರುವಂತಾಗಬೇಕು.
"ಕಳ್ಳರ ಭಯವಿಲ್ಲ ನನಗೆ. ಸೈರನ್ನು
ಕಟ್ಟಲೇಬೇಕಾದರೆ ಕಟ್ಟು, ಮೆಲ್ಲಗೆ ಕೂಗಲಿ."

ಹೇಳಿದೆ: ಮೇಡಂ, ಒಂದು ಕೀ ಹೋಗುತ್ತದೆ.
ಅದರ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್,
ಅದು ಹತ್ತಿರವಿಲ್ಲದೆ ಈ ಕಾರು ಮಿಸುಕುವುದಿಲ್ಲ.
ತೆಗೆದು ಡ್ಯಾಶ್‌ಬೋರ್ಡಿನ ಒಳಗೆ ಕಟ್ಟಿಬಿಡಬೇಕು, ಖಾಯಂ.
ಆಮೇಲೆ ನೀವು ದೂರದಿಂದ ಒತ್ತಿದಾಗ
ಮನೆಯವರೇ ಕೂತಿದ್ದಾರೆ ಅಂದುಕೊಂಡು
ಏಳುತ್ತದೆ.

ಚೀಲದಿಂದ ಎರಡನ್ನೂ ತೆಗೆದರು.
ಒಂದು ಹೊಸದರಂತೆಯೇ ಇತ್ತು.
ಇನ್ನೊಂದು ಹೆಬ್ಬೆರಳು ಕೂರುವಲ್ಲಿ ಸವೆದು
ಹೊಳೆಗಲ್ಲಿನ ಹಾಗೆ ನಯ; ಉಂಗುರದಲ್ಲಿ
ಗಾಳ ಬಿಡಿಸುವ ಪುಟ್ಟ ಹಿತ್ತಾಳೆ ಕೊಕ್ಕೆ.
"ಇದು ಮನ್ಸೂರನದು" ಎಂದರು.
ಯಾರು, ಏನಾಯಿತು, ನಾನು ಕೇಳಲಿಲ್ಲ.
ಡ್ರೈವರ್ ಸೀಟು ಇನ್ನೂ ಅಷ್ಟು ಹಿಂದಕ್ಕೇ ಇತ್ತು.
ಬೆನ್ನಿಗೆ ದಿಂಬು ಇಟ್ಟುಕೊಂಡು
ಇವರು ಓಡಿಸಿಕೊಂಡು ಬಂದಿದ್ದರು.

ಮೊದಲು ತಮ್ಮ ಕೀಯನ್ನೇ ಕೊಟ್ಟರು.
ನಾನು ಬ್ಲೇಡು ಇಡುವಾಗ, ತಡಿ, ಎಂದರು.
ಆ ಸೆಕೆಯಲ್ಲಿ ಒಂದು ಚಹಾ ಆರುವಷ್ಟು ಹೊತ್ತು.
ಆಮೇಲೆ ಅದಲುಬದಲು ಮಾಡಿದರು:
"ಕೊಕ್ಕೆ ನನಗಿರಲಿ."

ಸೀಳಿ ಕಾಳು ತೆಗೆದೆ. ಸ್ಪಂಜಿನಲ್ಲಿ ಸುತ್ತಿ,
ತಂತಿಯ ಬಳೆ ತೊಡಿಸಿ, ಬಟ್ಟೆಯ ಟೇಪು ಎಳೆದು,
ಗ್ಲೋವ್ ಬಾಕ್ಸಿನ ಹಿಂದೆ, ಬಿಸಿ ತಾಗದ ಕಡೆ.
ರುಹುಲ್ ಟಾರ್ಚು ಹಿಡಿದಿದ್ದ, ಏನನ್ನೂ ಕೇಳದೆ.
ನಮ್ಮೂರಲ್ಲಿ ಇದಕ್ಕೆ ಬೀಗದ ಕೈ ಅನ್ನುತ್ತೇವೆ,
ಕೈ ಅಂದರೆ ಕೈಯೇ, ಎಂದು
ಅವರಿಗೆ ಹೇಳಬೇಕೆನಿಸಿತು. ನನ್ನ ಅರಬಿ
ಫ್ಯೂಸು, ವಯರು, ದಿನಾರಿನವರೆಗೆ ಮಾತ್ರ.

ರಸ್ತೆ ದಾಟಿ, ಕೆಫೆಟೇರಿಯದ ನೆರಳಲ್ಲಿ ನಿಂತು ಒತ್ತಿದರು.
ದೀಪ ಎರಡು ಸಲ ಮಿಟುಕಿತು, ಎಂಜಿನ್ ಎದ್ದಿತು.
ಆರಿಸಿದರು. ಮತ್ತೆ ಒತ್ತಿದರು.
ಮತ್ತೆ ಆರಿಸಿ, ಮತ್ತೆ.
ಬ್ಯಾಟರಿ ಇಳಿಯುತ್ತದೆ ಮೇಡಂ ಎಂದು
ಕೂಗಲು ಬಾಯಿ ತೆರೆದವನು
ನಟ್ಟು ಹುಡುಕುವವನಂತೆ ಬಗ್ಗಿದೆ.

ಮೂವತ್ತೆರಡು ದಿನಾರು. ಎರಡು ಬಿಟ್ಟೆ.
ತಲೆ ಸೀಳಿದ ಕೀ ಮರೆತು ಹೋಗಿದ್ದಾರೆ,
ನನ್ನ ಡ್ರಾಯರಿನಲ್ಲಿದೆ, ಹಳೆ ಫ್ಯೂಸುಗಳ ಜತೆ.
ಇನ್ನು ಅದು ಬಾಗಿಲನ್ನಷ್ಟೇ ತೆರೆಯಬಲ್ಲದು.
ನಾಳೆ ಫೋನು ಮಾಡಬೇಕು.